ಹಳೆಯ ಜೀಪು ಮನೆಗೆ ಬಂದ ಮೇಲೆ

ನಮ್ಮ ಕಡೆ ಎತ್ತು ಕೊಳ್ಳುವುದೆಂದರೆ ಅದೊಂದು ದೊಡ್ಡ ಶಾಸ್ತ್ರ. ಕೆ.ಆರ್. ನಗರದ ಕಡೆಯ ಚುಂಚನಕಟ್ಟೆ ಜಾತ್ರೆಗೆ ಹೋದ ರೈತ ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ಮನೆಗೆ ಹೊಡೆದುಕೊಂಡು ಬಂದ ಮೇಲೂ ಎರಡು ದಿನ ನೊಗ ಹೂಡುವುದಿಲ್ಲ. ಮೇವು ನೀರು ಕೊಟ್ಟು ಸುಮ್ಮನೆ ಕಟ್ಟುತ್ತಾನೆ. ಅದೇ ರೈತ ಹಳೆಯ ಜೀಪು ಕೊಂಡರೆ ಈ ಬುದ್ಧಿಯೆಲ್ಲ ಎಲ್ಲಿ ಹೋಗುತ್ತದೋ ಕಾಣೆ. ಹೂವಿನ ಹಾರ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮುಂದುಗಡೆ ಗಾಜಿನ ಮೇಲೆ ದೇವರ ಹೆಸರು. ಅಲ್ಲಿಗೆ ಎಲ್ಲ ಮುಗಿಯಿತು!

ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳಾದ ನನಗೆ ಜೀಪು ಕಂಡರೆ ಅದರ ಹಿಂದಿನ ಕಥೆಯೂ ನೆನಪಾಗುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಕೆಸರು ಮರಳು ಎನ್ನದೆ ಓಡುವ ಚಿಕ್ಕ ಗಾಡಿಯೊಂದು ಬೇಕೆಂದು ಅಮೆರಿಕದ ಸೈನ್ಯ ಕಂಪನಿಗಳನ್ನು ಕೇಳಿತು. ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಆದರೆ ರಾಶಿ ರಾಶಿಯಾಗಿ ತಯಾರಿಸಿದವು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು. 1945ರ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಎಷ್ಟೋ ಗಾಡಿಗಳು ಹರಾಜಿಗೆ ಬಿದ್ದು, ಲೋಕದ ತುಂಬ ರೈತರ ಮತ್ತು ತೋಟದ ಮಾಲೀಕರ ಕೈಗೆ ಹೋದವು. ಹೀಗೆ ಎಷ್ಟೋ ಸಾಮಾನ್ಯ ಜನರ ಮನೆಗೆ ಜೀಪು ಬಂದದ್ದು ಹಳೆಯ ಗಾಡಿಯಾಗಿಯೇ.

ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಸಹೋದರರು ಮಲಿಕ್ ಗುಲಾಮ್ ಮಹಮ್ಮದ್ ಅವರ ಜೊತೆ ಸೇರಿ ಉಕ್ಕಿನ ವ್ಯಾಪಾರಕ್ಕೆಂದು ಕಂಪನಿಯೊಂದನ್ನು ತೆರೆದರು. ದೇಶ ಇಬ್ಭಾಗವಾದಾಗ ಗುಲಾಮ್ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಆ ದಶಕದ ಕೊನೆಗೆ ಅವರು ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ನಮ್ಮ ಪಿರಿಯಾಪಟ್ಟಣದ ಬೀದಿಯಲ್ಲಿ ನಾವು ಕಂಡ ಜೀಪುಗಳೆಲ್ಲ ಆ ವಂಶದವೇ.

ಇದೇ ಕಾಲದ ಇನ್ನೊಂದು ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೆಂದು ಹೆಸರಾದದ್ದು ಜೀಪಿನ ಹಗರಣ. 1948ರಲ್ಲಿ, ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದಾಗ, ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅವರು ಸೈನ್ಯಕ್ಕೆ ಜೀಪು ತರಿಸಲು ವಿದೇಶಿ ಸಂಸ್ಥೆಯೊಂದರ ಜೊತೆ ಸುಮಾರು 80 ಲಕ್ಷ ರೂಪಾಯಿಯ ಕರಾರು ಮಾಡಿಕೊಂಡರು. ಹಣದ ಬಹುಪಾಲು ಮುಂಗಡವಾಗಿಯೇ ಹೋಯಿತು. ಬಂದಿಳಿದದ್ದು 155 ಜೀಪುಗಳು, ಅವೂ ಬಳಕೆಗೆ ಬಾರದಂಥವು. ಪಾರ್ಲಿಮೆಂಟಿನಲ್ಲಿ ಗಲಾಟೆಯಾಯಿತು, ವಿಚಾರಣೆಯೂ ನಡೆಯಿತು. ಕಡೆಗೆ 1955ರಲ್ಲಿ ಸರ್ಕಾರ ಆ ಕಡತವನ್ನು ಮುಚ್ಚಿತು. ಯುದ್ಧದ ತುರ್ತು ಇತ್ತು, ಬೇರೆ ಕಡೆ ಜೀಪು ಸಿಗುತ್ತಿರಲಿಲ್ಲ ಎಂದು ಮೆನನ್ ಅವರ ಪರವಾಗಿ ಹೇಳುವವರೂ ಇದ್ದಾರೆ, ಇರಲಿ. ಒಂದು ಇಡೀ ಸರ್ಕಾರವೇ ಹಲ್ಲು ನೋಡದೆ ಎತ್ತು ಕೊಂಡಂತಾಯಿತಲ್ಲ ಎಂದು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುವಾಗ ಮಕ್ಕಳು ನಗುತ್ತಾರೆ.

ನಮ್ಮ ಮನೆಗೆ ಜೀಪು ಬಂದದ್ದು 1983ರಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ. ಕೊಡಗಿನ ಕಾಫಿ ತೋಟದಲ್ಲಿ ಹಲವು ವರ್ಷ ದುಡಿದ ಗಾಡಿ ಅದು. ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಸಾಗಿಸಬೇಕು, ಮಳೆಗಾಲದಲ್ಲಿ ಹೊಲದ ದಾರಿ ಕೆಸರಿನ ಗದ್ದೆಯಾಗುತ್ತದೆ, ನಾಲ್ಕು ಚಕ್ರಕ್ಕೂ ಶಕ್ತಿ ಇರುವ ಗಾಡಿಯೇ ಬೇಕು ಎಂದು ಅಪ್ಪನ ವಾದ. ಹಣ ಸಾಲದೆ ಅವ್ವನ ಎರಡೆಳೆ ಸರ ಗಿರವಿಗೆ ಹೋಯಿತು. ಜೀಪು ಬಂದ ದಿನ ಅಪ್ಪನಿಗೆ ಬಣ್ಣ ಹೊಡೆಸುವ, ಹೊಸ ಸೀಟು ಹಾಕಿಸುವ ಆತುರ. ಮೂರನೆಯ ತರಗತಿಯವರೆಗೆ ಓದಿದ್ದ ಅವ್ವ ಒಂದೇ ಮಾತು ಕೇಳಿದಳು: “ಬಣ್ಣ ಆಮೇಲಾಗ್ಲಿ. ಇದು ನಿಲ್ಲು ಅಂದ್ರೆ ನಿಲ್ತದಾ?”

ಆ ಪ್ರಶ್ನೆಯ ಜೊತೆಯಲ್ಲೇ ಜೀಪು ಹುಣಸೂರಿನ ವರ್ಕ್‌ಶಾಪಿಗೆ ಹೋಯಿತು. ಅಲ್ಲಿದ್ದ ಹಿರಿಯ ಮೇಸ್ತ್ರಿ, ಎಲ್ಲರೂ ಸಾಬರು ಎಂದೇ ಕರೆಯುತ್ತಿದ್ದವರು, ಚಕ್ರಗಳನ್ನು ಬಿಚ್ಚಿ ನೋಡಿ ಅಪ್ಪನನ್ನು ಕರೆದರು. ಹಿಂದಿನ ಒಂದು ಚಕ್ರದೊಳಗೆ ಬ್ರೇಕ್ ಆಯಿಲ್ ಸೋರಿ ಒದ್ದೆಯಾಗಿತ್ತು. “ಈ ಜಾತಿ ಜೀಪಿಗೆ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಬ್ರೇಕಿನ ದಾರಿ ಗೌಡ್ರೆ. ಒಂದು ಕಡೆ ಪೂರ್ತಿ ಸೋರಿದ್ರೆ ನಾಲ್ಕೂ ಹೋದಂಗೆ,” ಎಂದರು. ಹ್ಯಾಂಡ್ ಬ್ರೇಕಿನ ಗತಿಯೂ ಅಷ್ಟೆ. ಹಳೆಯ ಜೀಪಿನಲ್ಲಿ ಅದು ಚಕ್ರದಲ್ಲಿರುವುದಿಲ್ಲ. ಗಾಡಿಯ ನಡುವೆ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯ ಬೆನ್ನಿಗಿರುತ್ತದೆ. ಆ ಪೆಟ್ಟಿಗೆಯ ಆಯಿಲ್ ಸೀಲು ಹರಿದಿದ್ದರೆ ಎಣ್ಣೆ ಬ್ರೇಕಿನ ಮೇಲೆ ಬಿದ್ದು, ಎಷ್ಟು ಎಳೆದರೂ ಹಿಡಿಯುವುದಿಲ್ಲ. ನಮ್ಮದರಲ್ಲಿ ಅದೂ ಹರಿದಿತ್ತು.

ಆಮೇಲೆ ಎಣ್ಣೆಗಳ ಸರದಿ. ಎಂಜಿನ್ ಆಯಿಲ್ ಒಂದನ್ನು ಬದಲಿಸಿದರೆ ಸಾಕೆಂದು ನಾವು ತಿಳಿದಿದ್ದೆವು. ನಾಲ್ಕು ಚಕ್ರ ಎಳೆಯುವ ಗಾಡಿಗೆ ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು, ಮುಂದಿನ ಆಕ್ಸಲ್ಲು, ಹಿಂದಿನ ಆಕ್ಸಲ್ಲು ಎಂದು ಎಣ್ಣೆಯ ಮನೆಗಳು ಇನ್ನೂ ನಾಲ್ಕಿವೆ. ಹಳ್ಳ ದಾಟಿದ ಗಾಡಿಯಾದರೆ ಆಕ್ಸಲ್ಲಿನೊಳಗೆ ನೀರು ಸೇರಿರುತ್ತದೆ. ಸಾಬರು ಬಿರಡೆ ತೆಗೆದಾಗ ಮುಂದಿನ ಆಕ್ಸಲ್ಲಿನಿಂದ ಕರಿ ಎಣ್ಣೆಗೆ ಬದಲು ಹಾಲು ಬೆರೆಸಿದ ಕಾಫಿಯಂಥದು ಇಳಿಯಿತು. ಹಾಗೇ ಓಡಿಸಿದ್ದರೆ ಹಲ್ಲುಚಕ್ರ, ಬೇರಿಂಗು ಎಲ್ಲ ತುಕ್ಕು ತಿಂದು ಸವೆದುಹೋಗುತ್ತಿದ್ದವು. ಚಕ್ರದ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ತುಂಬಿದರು. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕ್ರಾಸುಗಳಿಗೆ, ಸ್ಪ್ರಿಂಗ್ ಪಟ್ಟಿಗಳ ಕೀಲುಗಳಿಗೆ ಗನ್ನಿನಿಂದ ಗ್ರೀಸು ಹೊಡೆದರು. ರೇಡಿಯೇಟರು ತೊಳೆದು ಹೋಸ್ ಪೈಪು, ಫ್ಯಾನ್ ಬೆಲ್ಟು ಬದಲಿಸಿದರು. ಚಾಸಿಯ ಕೆಳಗೆ ಮಲಗಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬಂದರು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಡಬ್ ಎನ್ನುತ್ತದೆ. ಮಡಕೆ ಕೊಳ್ಳುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೈರಿನ ವಿಷಯದಲ್ಲಿ ಅವರು ಹೇಳಿದ್ದನ್ನು ನಾನು ಈಗಲೂ ಮಕ್ಕಳಿಗೆ ಹೇಳುತ್ತೇನೆ. ನಾಲ್ಕೂ ಒಂದೇ ಅಳತೆಯವಾಗಿರಬೇಕು, ಒಂದೇ ಸಮ ಸವೆದಿರಬೇಕು. ಸಾಲಾಗಿ ಕೈಹಿಡಿದು ನಡೆಯುವ ಮಕ್ಕಳು ಮೂಲೆ ತಿರುಗುವಾಗ ಹೊರಗಿನ ಮಗು ದೊಡ್ಡ ಹೆಜ್ಜೆ ಹಾಕಬೇಕಾಗುತ್ತದಲ್ಲ, ಗಾಡಿಯ ಮುಂದಿನ ಚಕ್ರಗಳೂ ತಿರುವಿನಲ್ಲಿ ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಫೋರ್‌ವ್ಹೀಲ್ ಹಾಕಿದಾಗ ಮುಂದು ಹಿಂದು ಎರಡನ್ನೂ ಕಟ್ಟಿಹಾಕಿದಂತೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಜಾರಲಾರದೆ ಆ ಸೆಣಸೆಲ್ಲ ಹಲ್ಲುಚಕ್ರಗಳ ಮೇಲೆ, ಕ್ರಾಸುಗಳ ಮೇಲೆ ಬೀಳುತ್ತದೆ. ಆದ್ದರಿಂದ ಕೆಸರು ಬಂದಾಗ ಹಾಕಿ, ಕೆಸರು ದಾಟಿದೊಡನೆ ತೆಗೆಯಬೇಕು. ಹಾಗೆಂದು ವರ್ಷಗಟ್ಟಲೆ ಹಾಕದೆಯೂ ಇರಬಾರದು, ಸನ್ನೆ ಬಿಗಿದುಕೊಳ್ಳುತ್ತದೆ; ಆಗೊಮ್ಮೆ ಈಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ನೋಡುತ್ತಿರಬೇಕು.

ಒಂಬತ್ತು ದಿನ ಜೀಪು ವರ್ಕ್‌ಶಾಪಿನಲ್ಲೇ ಇತ್ತು. ಬಣ್ಣಕ್ಕೆಂದು ಇಟ್ಟ ಹಣ ಪೂರ್ತಿ ಖರ್ಚಾಯಿತು. ಕೊಡಗಿನ ಮಳೆಯಲ್ಲಿ ಮಾಸಿದ ಹಸಿರು ಬಣ್ಣದಲ್ಲೇ ಅದು ಊರಿಗೆ ಬಂದಾಗ ನೆಂಟರು ಕೆಲವರು ಹಂಗಿಸಿದರು. ಅವ್ವ ಹಾಲಿನ ಲೆಕ್ಕದ ಪುಸ್ತಕದ ಹಿಂದುಗಡೆ ಯಾವ ಎಣ್ಣೆ ಯಾವಾಗ ಹಾಕಿದ್ದು ಎಂದು ನನ್ನ ಕೈಯಲ್ಲಿ ಬರೆಸಿದಳು.

1986ರ ಮಳೆಗಾಲ. ನಮ್ಮ ಬೀದಿಯ ಹೆಣ್ಣುಮಗಳಿಗೆ ನಡುರಾತ್ರಿ ಹೆರಿಗೆ ನೋವು ಬಂತು. ಸೂಲಗಿತ್ತಿ ಕೈಚೆಲ್ಲಿದಳು. ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಶುರುವಾದದ್ದು 2008ರಲ್ಲಿ. ಆಗ ಹಳ್ಳಿಗೆ ಆಂಬುಲೆನ್ಸ್ ಎಂದರೆ ಇಂಥ ಜೀಪೇ. ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಕೆಸರು ದಾಟಿ ಟಾರು ರಸ್ತೆಗೆ ಬಂದ ಮೇಲೆ, ಇಳಿಜಾರಿನ ತಿರುವಿನಲ್ಲಿ ಮರವೊಂದು ಅಡ್ಡ ಬಿದ್ದಿತ್ತು. ದೀಪದ ಬೆಳಕಿಗೆ ಅದು ಕಂಡದ್ದು ಹತ್ತಿರ ಹೋದ ಮೇಲೆಯೇ. ಜೀಪು ನಿಂತಿತು. ಅಪ್ಪ ಬಹಳ ಹೊತ್ತು ಸ್ಟೇರಿಂಗಿನ ಮೇಲಿನ ಕೈ ತೆಗೆಯಲಿಲ್ಲವೆಂದು ಅವ್ವ ಆಮೇಲೆ ಹೇಳಿದಳು. ಬಳಸುದಾರಿಯಲ್ಲಿ ಹುಣಸೂರು ಸೇರಿ ಬೆಳಗಿನ ಜಾವ ಹೆರಿಗೆಯಾಯಿತು. ಆಗ ಹುಟ್ಟಿದ ಕೂಸು ಮುಂದೆ ನನ್ನ ತರಗತಿಯಲ್ಲೇ ಕೂತು, ನಾನು ಹೇಳಿದ ಜೀಪಿನ ಹಗರಣ ಕೇಳಿ ಎಲ್ಲರೊಡನೆ ನಕ್ಕಳು.

ಈಗ ಆ ಕಾಲದ ಜೀಪುಗಳು ಅಪರೂಪ. ಹಳೆಯ ಬೊಲೆರೋ, ಥಾರ್‌ಗಳನ್ನು ಕೊಳ್ಳುವ ಹುಡುಗರು ಬಹಳ. ಬ್ರೇಕಿನ ದಾರಿ ಈಗ ಎರಡಾಗಿದೆ, ಒಂದು ಹೋದರೆ ಇನ್ನೊಂದು ಇರುತ್ತದೆ. ಆದರೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಕೆಡುವುದು ತಪ್ಪಿಲ್ಲ; ಆಕ್ಸಲ್ಲಿಗೆ ನೀರು ಸೇರುವುದೂ ತಪ್ಪಿಲ್ಲ. ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ, ಅದನ್ನು ಬದಲಿಸಿದ ರಸೀದಿ ಹಿಂದಿನವರ ಬಳಿ ಇಲ್ಲದಿದ್ದಲ್ಲಿ, ಹೊಸದು ಹಾಕಿಸುವುದೇ ಮೇಲು. ಕಾಗದದ ಕೆಲಸವೂ ರಿಪೇರಿಯಷ್ಟೇ ಮುಖ್ಯ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕೊಂಡವರು 30 ದಿನದೊಳಗೆ ಆರ್.ಸಿ.ಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ವಿಮೆಯ ಹೆಸರು ಬದಲಿಗೆ 14 ದಿನದ ಗಡುವು.

ಗಾಡಿ ಗಂಡಸರ ವ್ಯವಹಾರವೆಂದು ನಾವು ಹೆಂಗಸರು ಸುಮ್ಮನಿರುವುದುಂಟು. ಆದರೆ ಅದಕ್ಕೆ ಹೋಗುವ ಹಣದಲ್ಲಿ ನಮ್ಮ ಸರವಿರುತ್ತದೆ, ಚೀಟಿಯ ದುಡ್ಡಿರುತ್ತದೆ. ಅದರಲ್ಲಿ ಕೂತು ಹೋಗುವವರು ನಮ್ಮ ಮಕ್ಕಳು. ಬಿಚ್ಚಿ ಜೋಡಿಸುವುದು ಮೇಸ್ತ್ರಿಯ ಕೆಲಸ. ಬ್ರೇಕ್ ನೋಡಿಸಿದಿರಾ, ಐದೂ ಎಣ್ಣೆ ಬದಲಾಯಿತೇ, ರಸೀದಿ ಎಲ್ಲಿ ಎಂದು ಕೇಳುವುದಕ್ಕೆ ಯಾವ ಲೈಸೆನ್ಸೂ ಬೇಡ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ತಂದ ತಾರೀಕು ಬರೆಯುತ್ತೇವಲ್ಲ, ಅದರ ಪಕ್ಕದಲ್ಲೇ ಗಾಡಿಗೆ ಎಣ್ಣೆ ಹಾಕಿಸಿದ ತಾರೀಕಿಗೂ ಜಾಗವಿರುತ್ತದೆ.