ಪೋಷಣಾ ಸ್ತರ

ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ‘ಆಹಾರ ಸರಪಳಿ’ಯ ಜೊತೆಗೇ ಬರುವ ಪದ ಇದು. ‘ಪುಷ್’ ಎಂಬ ಸಂಸ್ಕೃತ ಧಾತುವಿನಿಂದ ಬಂದದ್ದು ಪೋಷಣೆ. ಪುಷ್ಟಿ, ಪೌಷ್ಟಿಕ, ಪೋಷಕ ಎಲ್ಲವೂ ಅದೇ ಬಳ್ಳಿಯವು. ‘ಸ್ತರ’ದ ಮೂಲ ‘ಸ್ತೃ’, ಅಂದರೆ ಹರಡು, ಹಾಸು. ‘ವಿಸ್ತಾರ’ವೂ ಇದರ ದಾಯಾದಿ.

ಇಂಗ್ಲಿಷಿನ ‘ಟ್ರೋಫಿಕ್ ಲೆವೆಲ್’ಗೆ ಸಾಟಿಯಾಗಿ ಕನ್ನಡದಲ್ಲಿ ಈ ಜೋಡಿಪದ ನಿಂತಿತು. ‘ಟ್ರೋಫೆ’ ಎಂದರೆ ಗ್ರೀಕಿನಲ್ಲಿ ಪೋಷಣೆ. ಅಮೆರಿಕದ ಮಿನ್ನೆಸೋಟದ ಒಂದು ಪುಟ್ಟ ಕೆರೆಯನ್ನು ಅಭ್ಯಾಸ ಮಾಡಿದ ರೇಮಂಡ್ ಲಿಂಡೆಮನ್, 1942ರ ತಮ್ಮ ಲೇಖನದಲ್ಲಿ ಜೀವಿಗಳನ್ನು ಶಕ್ತಿಯ ಹರಿವಿನ ಪ್ರಕಾರ ಸ್ತರಗಳಾಗಿ ವಿಂಗಡಿಸಿದರು.

ಉದಾಹರಣೆಗೆ, ಬಂಡೀಪುರದ ಕಾಡಿನಲ್ಲಿ ಬಿಸಿಲನ್ನು ಹಿಡಿದಿಡುವ ಹುಲ್ಲು ಮೊದಲ ಸ್ತರ, ಅದನ್ನು ಮೇಯುವ ಜಿಂಕೆ ಎರಡನೆಯದು, ಜಿಂಕೆಯನ್ನು ತಿನ್ನುವ ಹುಲಿ ಮೂರನೆಯದು. ಒಂದು ಸ್ತರದ ಶಕ್ತಿಯಲ್ಲಿ ಮೇಲಿನದಕ್ಕೆ ದಾಟುವುದು ಸುಮಾರು ಶೇ 10 ಮಾತ್ರ ಎಂಬುದು ಸ್ಥೂಲ ಲೆಕ್ಕ. ಹುಲ್ಲಿನಲ್ಲಿ 10,000 ಕ್ಯಾಲೊರಿ ಇದ್ದರೆ ಜಿಂಕೆಯ ಮೈಗೆ 1,000, ಹುಲಿಗೆ 100. ಮಿಕ್ಕಿದ್ದರಲ್ಲಿ ಒಂದಷ್ಟು ಉಸಿರಾಟ, ಓಡಾಟಗಳಲ್ಲಿ ಶಾಖವಾಗಿ ಹೋಗುತ್ತದೆ. ತಿನ್ನದೆ ಉಳಿದದ್ದು, ಸಗಣಿ, ಹೆಣ ಇವೆಲ್ಲ ಗೆದ್ದಲು, ಶಿಲೀಂಧ್ರಗಳ ಪಾಲು. ಜಿಂಕೆಗಳು ಹಿಂಡುಹಿಂಡಾಗಿದ್ದು ಹುಲಿಗಳು ಅವಕ್ಕಿಂತ ಎಷ್ಟೋ ಕಡಿಮೆ ಇರುವುದು, ಹೀಗೆ ಮೇಲೆ ಹೋದಂತೆ ಶಕ್ತಿ ಕುಗ್ಗುವುದರಿಂದಲೇ.

ಬಳಸುವಾಗ ಒಂದು ಎಚ್ಚರ: ಸ್ತರ ಎನ್ನುವುದು ಪ್ರಾಣಿಗೆ ಅಂಟಿದ ಜಾತಿಯಲ್ಲ, ಊಟಕ್ಕೆ ತಕ್ಕಂತೆ ಬದಲಾಗುತ್ತದೆ. ರಾಗಿ ಮುದ್ದೆ ಉಣ್ಣುವಾಗ ನಾವು ಎರಡನೆಯ ಸ್ತರದವರು. ಜೊತೆಗೆ ಕುರಿ ಸಾರು ಬಡಿಸಿದರೆ ಅಷ್ಟರ ಮಟ್ಟಿಗೆ ಮೂರನೆಯವರು.