ಬಾಲಾಪರಾಧ: ಹುಟ್ಟುಗುಣವೋ, ಸಹವಾಸ ದೋಷವೋ?

'ಹುಟ್ಟುಗುಣ ಸುಟ್ಟರೂ ಹೋಗದು' ಎನ್ನುತ್ತದೆ ಒಂದು ಗಾದೆ. 'ಸಹವಾಸದಿಂದ ಸನ್ಯಾಸಿ ಕೆಟ್ಟ' ಎನ್ನುತ್ತದೆ ಇನ್ನೊಂದು. ಹುಡುಗನೊಬ್ಬ ಕಳ್ಳತನಕ್ಕೋ ಹೊಡೆದಾಟಕ್ಕೋ ಸಿಕ್ಕಿಬಿದ್ದಾಗ ಯಾವುದನ್ನು ನಂಬಬೇಕು? ವಿಜ್ಞಾನ ಮತ್ತು ಕಾನೂನು ಒಂದೂವರೆ ಶತಮಾನದಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ.

ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ ಹುಟ್ಟುಗುಣದ ಪಕ್ಷ ಹಿಡಿದವನು. ಕೆಲವರು ಹುಟ್ಟಿನಿಂದಲೇ ಅಪರಾಧಿಗಳು. ತಲೆಬುರುಡೆ, ದವಡೆ, ಕಿವಿಗಳ ಆಕಾರದಿಂದಲೇ ಅವರನ್ನು ಗುರುತಿಸಬಹುದು ಎಂದು 1876ರ ತನ್ನ ಗ್ರಂಥದಲ್ಲಿ ವಾದಿಸಿದ. ಅದಕ್ಕೂ ಮುನ್ನ, 1871ರಲ್ಲೇ ಭಾರತದ ಬ್ರಿಟಿಷ್ ಸರ್ಕಾರ 'ಅಪರಾಧಿ ಬುಡಕಟ್ಟುಗಳ ಕಾಯ್ದೆ' ತಂದು ಹುಟ್ಟನ್ನೇ ಅಪರಾಧದ ಗುರುತಾಗಿಸಿತ್ತು. ಇಡೀ ಸಮುದಾಯಗಳು ಪೊಲೀಸರ ಪಟ್ಟಿ ಸೇರಿದವು. ಕಾಯ್ದೆ 1952ರಲ್ಲಿ ರದ್ದಾದರೂ ಕಳಂಕ ಪೂರ್ತಿ ಅಳಿಯಲಿಲ್ಲ.

ಅಮೆರಿಕದ ಷಿಕಾಗೊದಲ್ಲಿ ಬೇರೆಯೇ ಚಿತ್ರ ಕಂಡಿತು. ಸಮಾಜವಿಜ್ಞಾನಿಗಳಾದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೆ ಬಾಲ ನ್ಯಾಯಾಲಯದ ಹಲವು ದಶಕಗಳ ದಾಖಲೆಗಳನ್ನು ಜಾಲಾಡಿ, 1942ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ನಗರಮಧ್ಯದ ಬಡ ಬಡಾವಣೆಗಳಿಂದ ಜರ್ಮನ್, ಐರಿಷ್ ವಲಸಿಗರು ಹೋಗಿ ಇಟಲಿ, ಪೋಲೆಂಡ್‌ನವರು ಬಂದರೂ ಅಲ್ಲಿನ ಬಾಲಾಪರಾಧದ ಪ್ರಮಾಣ ತಗ್ಗಲಿಲ್ಲ. ಬಿಟ್ಟುಹೋದವರ ಮಕ್ಕಳಲ್ಲಿ ಅದು ತಗ್ಗಿತು. ಅಂದರೆ ದೋಷ ರಕ್ತದಲ್ಲಿರಲಿಲ್ಲ. ಬಹುಪಾಲು ಹುಡುಗರು ತಪ್ಪು ಮಾಡಿದ್ದೂ ಜೊತೆಗಾರರೊಂದಿಗೇ.

ಹಾಗಾದರೆ ವಂಶವಾಹಿಗಳಿಗೆ ಪಾತ್ರವೇ ಇಲ್ಲವೇ? ಇದೆ. ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿಜ್ಞಾನಿಗಳು ದಶಕಗಳ ಕಾಲ ಗಮನಿಸುತ್ತ ಬಂದರು. ಅವರಲ್ಲಿನ ಗಂಡುಮಕ್ಕಳನ್ನು ಕುರಿತ ವರದಿ 2002ರಲ್ಲಿ ಹೊರಬಂತು. ಮಿದುಳಿನ ರಾಸಾಯನಿಕಗಳನ್ನು ಒಡೆಯುವ ಕಿಣ್ವದ ವಂಶವಾಹಿಯ ಒಂದು ಬಗೆ ಕೆಲವರಲ್ಲಿತ್ತು. ಆದರೆ ಅದೊಂದೇ ಅವರನ್ನು ಕೆಡಿಸಲಿಲ್ಲ. ಬಾಲ್ಯದಲ್ಲಿ ತೀವ್ರ ಹಿಂಸೆಯನ್ನೂ ಉಂಡವರಲ್ಲಿ ಮಾತ್ರ ಸಮಾಜಘಾತುಕ ನಡತೆ ಎದ್ದುಕಂಡಿತು.

ಗೆಳೆಯರ ಪ್ರಭಾವವೂ ಕಡಿಮೆಯದಲ್ಲ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗೆಳೆಯರು ಎದುರಿಗಿದ್ದಾಗ ಹದಿಹರೆಯದವರು ಕಂಪ್ಯೂಟರಿನ ಕಾರು ಓಡಿಸುವ ಆಟದಲ್ಲಿ ಹೆಚ್ಚು ಅಪಾಯಕ್ಕೆ ಕೈಹಾಕಿದರು. ವಯಸ್ಕರ ಮೇಲೆ ಗೆಳೆಯರ ಹಾಜರಿ ಅಷ್ಟು ಪರಿಣಾಮ ಬೀರಲಿಲ್ಲ.

ಎರಡು ಗಾದೆಗಳಲ್ಲೂ ಅರ್ಧ ಸತ್ಯವಿದೆ. ಒಲವು ಹುಟ್ಟಿನಿಂದ ಬರಬಹುದು. ಅದು ಎತ್ತ ತಿರುಗುತ್ತದೆಂಬುದನ್ನು ಮನೆ, ಬೀದಿ, ಗೆಳೆಯರು ನಿರ್ಧರಿಸುತ್ತಾರೆ. ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ 1993ರಲ್ಲೇ ತೋರಿಸಿಕೊಟ್ಟಂತೆ, ಹರೆಯದಲ್ಲಿ ದಾರಿ ತಪ್ಪುವವರಲ್ಲಿ ಹೆಚ್ಚಿನವರು ವಯಸ್ಸು ಬಲಿತಂತೆ ತಾವಾಗಿಯೇ ಸರಿಹೋಗುತ್ತಾರೆ. ಭಾರತದ 2015ರ ಬಾಲನ್ಯಾಯ ಕಾಯ್ದೆ ಘೋರ ಅಪರಾಧಗಳಲ್ಲಿ 16ರಿಂದ 18ರ ವಯಸ್ಸಿನವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶ ನೀಡುತ್ತದೆ. ಅದಕ್ಕೆ ಮುನ್ನ ಕೃತ್ಯ ಯಾವ ಸನ್ನಿವೇಶದಲ್ಲಿ ನಡೆಯಿತೆಂದು ಪರಿಶೀಲಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಹದಿನಾರರ ಹುಡುಗನ ಹಣೆಗೆ ಪಟ್ಟಿ ಅಂಟಿಸುವ ಮುನ್ನ 1871ರ ತಪ್ಪನ್ನು ನೆನೆಯುವುದು ಒಳ್ಳೆಯದು.