ಆಪರೇಷನ್‌ಗೆ ಮುಂಚಿನ ‘ಭಯದ ಮಾತ್ರೆ’: ಯಾರಿಗೆ ಬೇಕು, ಯಾರಿಗೆ ಬೇಡ?

ತ್ಯಾಗರಾಜನಗರ: ಹಾರ್ಟ್ ಆಪರೇಷನ್ ಅಂದರೆ ಜಯದೇವ, ಮೂಳೆ ಅಂದರೆ ಸಂಜಯ ಗಾಂಧಿ ಆಸ್ಪತ್ರೆ, ಉಳಿದದ್ದಕ್ಕೆ ಜಯನಗರ ಜನರಲ್. ಇಲ್ಲಿನವರಿಗೆ ದೊಡ್ಡ ಆಸ್ಪತ್ರೆಗಳೆಲ್ಲ ಹತ್ತಿರವೇ. ಆದರೆ ಆಪರೇಷನ್ ದಿನ ಗೊತ್ತಾದ ಮೇಲೆ ನಿದ್ದೆ ಮಾತ್ರ ಹತ್ತಿರ ಸುಳಿಯಲ್ಲ. ಆಗ ಪಕ್ಕದ ಮನೆಯವರ ಡಬ್ಬಿಯಿಂದ ಮಾತ್ರೆ ಇಸ್ಕೊಳ್ಳೋದು, ಮೆಡಿಕಲ್ ಶಾಪಿನಲ್ಲಿ “ಚೀಟಿ ಇಲ್ಲ, ಒಂದೇ ಒಂದು ಕೊಡಿ ಸಾರ್” ಅನ್ನೋದು ಉಂಟು. ಎರಡೂ ಅಪಾಯ.

ಯಾವ ಔಷಧಿ?

ಆಲ್ಪ್ರಜೋಲಾಮ್, ಲೊರಾಜೆಪಾಮ್, ಡಯಾಜೆಪಾಮ್ ಇವೆಲ್ಲ ಬೆಂಜೊಡಯಾಜೆಪಿನ್ ಗುಂಪಿನವು. ಮಿದುಳಿನ ನರಗಳ ಉದ್ವೇಗ ತಗ್ಗಿಸುತ್ತವೆ. ಅಗತ್ಯವಿದ್ದರೆ ವೈದ್ಯರು ಹಿಂದಿನ ರಾತ್ರಿಗೆ ಸಣ್ಣ ಡೋಸ್ ಬರೆಯುತ್ತಾರೆ. ಥಿಯೇಟರಿಗೆ ಕರೆದೊಯ್ದ ಮೇಲೆ ಮಿಡಜೋಲಾಮ್ ಇಂಜೆಕ್ಷನ್ ಕೊಡುವುದೂ ಇದೆ. ಅದು ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ. ಒಂದೆರಡು ಡೋಸ್‌ನಿಂದ ಚಟ ಹತ್ತುವ ಸಾಧ್ಯತೆ ತೀರಾ ಕಡಿಮೆ. ವಾರಗಟ್ಟಲೆ ಮುಂದುವರಿಸಿದರೆ ಬಿಡುವುದು ಕಷ್ಟ.

ಎಲ್ಲರಿಗೂ ಬೇಕಾ?

ಬೇಡ. ಫ್ರಾನ್ಸ್‌ನಲ್ಲಿ 1,062 ರೋಗಿಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂತು. ಆಪರೇಷನ್‌ಗೆ ಮುಂಚೆ ಲೊರಾಜೆಪಾಮ್ ಕೊಟ್ಟವರಿಗೆ ಒಟ್ಟು ಅನುಭವವೇನೂ ಉತ್ತಮವಾಗಲಿಲ್ಲ. ಪೂರ್ತಿ ಎಚ್ಚರಗೊಳ್ಳುವುದು ಮಾತ್ರ ತಡವಾಯಿತು. ಹಾಗಾಗಿ ಭಯ ತೀರಾ ಹೆಚ್ಚಿರುವವರಿಗೆ ಮಾತ್ರ, ನೋಡಿ ಕೊಡುವ ಪದ್ಧತಿಯತ್ತ ವೈದ್ಯರು ವಾಲಿದ್ದಾರೆ.

ಯಾರಿಗೆ ಹೆಚ್ಚು ಎಚ್ಚರಿಕೆ?

* 65 ದಾಟಿದವರು: ಆಪರೇಷನ್ ಆದ ಮೇಲೆ ಗೊಂದಲ, ಬಡಬಡಿಕೆ, ಎದ್ದಾಗ ಬೀಳುವ ಅಪಾಯ.
* ನಿದ್ದೆಯಲ್ಲಿ ಉಸಿರು ಕಟ್ಟುವವರು, ಜೋರು ಗೊರಕೆಯವರು, ಶ್ವಾಸಕೋಶದ ಕಾಯಿಲೆಯವರು: ಉಸಿರಾಟ ಇನ್ನಷ್ಟು ಕುಗ್ಗಬಹುದು.
* ಮದ್ಯ ಕುಡಿಯುವವರು, ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರು: ಎರಡೂ ಸೇರಿದರೆ ಪ್ರಾಣಕ್ಕೇ ಕುತ್ತು.
* ಗರ್ಭಿಣಿಯರು, ಲಿವರ್ ತೊಂದರೆ ಇರುವವರು.

ಮುಚ್ಚಿಡಬೇಡಿ

ವರ್ಷಗಳಿಂದ ರಾತ್ರಿ ಮಾತ್ರೆ ನುಂಗುವವರು ಸಂಕೋಚಪಟ್ಟು ಹೇಳದೇ ಇರುತ್ತಾರೆ. ಆಪರೇಷನ್ ಅಂತ ದಿಢೀರ್ ನಿಲ್ಲಿಸಿದರೆ ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಫಿಟ್‌ನೆಸ್ ನೋಡುವ ಅರಿವಳಿಕೆ ವೈದ್ಯರಿಗೆ ಮಾತ್ರೆಯ ಹೆಸರು, ಎಷ್ಟು ದಿನದಿಂದ ಅನ್ನೋದನ್ನ ಸ್ಪಷ್ಟವಾಗಿ ಹೇಳಿ. ಖಾಲಿ ಸ್ಟ್ರಿಪ್ ಒಯ್ದರೂ ಆದೀತು. ಒಪ್ಪಿಗೆ ಪತ್ರವನ್ನು ಮಾತ್ರೆಗೆ ಮುಂಚೆಯೇ ಓದಿ ಸಹಿ ಹಾಕಿ. ಬೆಳಗ್ಗೆ ಮಾತ್ರೆ ನುಂಗಲು ಹೇಳಿದ್ದರೆ ಒಂದು ಗುಟುಕು ನೀರು ಸಾಕು, ಕಾಫಿ ಬೇಡ. ಅದೇ ದಿನ ಮನೆಗೆ ಕಳಿಸಿದರೆ 24 ಗಂಟೆ ಗಾಡಿ ಓಡಿಸಬೇಡಿ.

ಅಂಗಡಿಯವರ ಗಮನಕ್ಕೆ

ಆಲ್ಪ್ರಜೋಲಾಮ್, ಡಯಾಜೆಪಾಮ್, ಮಿಡಜೋಲಾಮ್ ಮೂರೂ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಚೀಟಿ ಕಡ್ಡಾಯ. ವೈದ್ಯರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಇಷ್ಟನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಲೊರಾಜೆಪಾಮ್‌ಗೂ ಚೀಟಿ ಬೇಕೇ ಬೇಕು.

ಮಾತ್ರೆ ಇಲ್ಲದೆಯೂ

ಆಪರೇಷನ್ ಎಷ್ಟು ಹೊತ್ತು, ಎಚ್ಚರವಾದಾಗ ಎಲ್ಲಿರುತ್ತೀವಿ, ನೋವಿಗೆ ಏನು ಕೊಡ್ತಾರೆ ಅಂತ ಮೊದಲೇ ಕೇಳಿಕೊಂಡರೆ ಅರ್ಧ ಭಯ ಇಳಿಯುತ್ತದೆ. ತಡರಾತ್ರಿ ಎದೆ ಡವಡವ ಅಂದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ, ದಿನದ 24 ಗಂಟೆಯೂ ಸಿಗುತ್ತದೆ. ಎದೆನೋವು, ಉಸಿರುಗಟ್ಟುವಿಕೆ ಇದ್ದರೆ ಮಾತ್ರ ಅದನ್ನು ಭಯ ಅಂದುಕೊಂಡು ಕೂರಬೇಡಿ, 108ಕ್ಕೆ ಕರೆ ಮಾಡಿ.